ಹಾರ ಬೇಡ, ಒಂದು ಕೋಣೆ ಕೊಡಿ

ಕೊಡಗಿನ ಮದ್ಯವರ್ಜನ ಶಿಬಿರಗಳ ಸಂಘಟಕರಿಗೆ, ಊರ ಮುಖ್ಯಸ್ಥರಾದ ತಕ್ಕರಿಗೆ, ದೇವಸ್ಥಾನ ಸಮಿತಿಗಳಿಗೆ ಹಾಗೂ ತೋಟದ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ಇಪ್ಪತ್ತಾರು ವರ್ಷಗಳಿಂದ ರೈಟರ ಕೆಲಸ ಮಾಡುತ್ತಿದ್ದೇನೆ. ಆಳುಗಳ ಹಾಜರಿ, ಚೆಕ್‌ರೋಲ್, ಗೋದಾಮಿನ ಸ್ಟಾಕ್ ಪುಸ್ತಕ, ಕುಯ್ಲಿನ ಕಾಲದಲ್ಲಿ ಸಂಜೆಯ ತೂಕ, ಶನಿವಾರದ ಬಟವಾಡೆ, ಇಷ್ಟೇ ನನ್ನ ಲೋಕ. ಈ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಹದಿನೈದು ವರ್ಷ ನಾನು ಕುಡಿದುಕೊಂಡೇ ಲೆಕ್ಕ ಬರೆದವನು; ಕಳೆದ ಒಂಬತ್ತು ವರ್ಷಗಳಿಂದ ಕುಡಿದಿಲ್ಲ. ನಡುವೆ ಎರಡು ವರ್ಷ ಉಳಿಯುತ್ತವೆ. ಆ ಎರಡು ವರ್ಷಗಳಲ್ಲಿ ನನಗೆ ಏನಾಯಿತು ಎಂಬುದನ್ನು ತಮ್ಮ ಮುಂದೆ ಇಡುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ, ಏಕೆಂದರೆ ಕುಡಿತ ಬಿಟ್ಟವರನ್ನು ವೇದಿಕೆ ಹತ್ತಿಸಿ ಹಾರ ಹಾಕುವ ಪದ್ಧತಿಯನ್ನು ತಾವು ನಿಲ್ಲಿಸಬೇಕು, ಅದರ ಬದಲು ಅವರು ವಾರಕ್ಕೊಂದು ಸಂಜೆ ಬಾಗಿಲು ಹಾಕಿಕೊಂಡು ಕುಳಿತುಕೊಳ್ಳಲು ಊರಿನಲ್ಲಿ ಒಂದು ಕೋಣೆ ಕೊಡಬೇಕು ಎಂಬ ನನ್ನ ಬೇಡಿಕೆ ಹುಟ್ಟಿದ್ದು ಅಲ್ಲಿಂದ.

ಮೊದಲೇ ಹೇಳಿಬಿಡುತ್ತೇನೆ, ಶಿಬಿರದಿಂದ ನನಗೆ ಕೆಡುಕಾಯಿತೆಂದು ನಾನು ದೂರುತ್ತಿಲ್ಲ. ಎಂಟು ದಿನ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಬೆಳಿಗ್ಗೆ ಭಜನೆ, ಸಂಜೆ ಯಾರಾದರೊಬ್ಬರ ಮಾತು. ನನ್ನ ಬಟ್ಟೆಯನ್ನು ಒಗೆದು ಮಡಿಸಿಟ್ಟ ಸ್ವಯಂಸೇವಕನೊಬ್ಬನ ಮುಖ ಇಂದಿಗೂ ಕಣ್ಣ ಮುಂದಿದೆ. ಕೆಟ್ಟದ್ದು ಕೊನೆಯ ದಿನ. ಅಂದು ಶಾಮಿಯಾನ ಹಾಕಿ, ನಮ್ಮ ಮನೆಯವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ, ನಮ್ಮನ್ನು ಒಬ್ಬೊಬ್ಬರಾಗಿ ಕರೆದು, ದೀಪದ ಮುಂದೆ ಕೈಚಾಚಿಸಿ, 'ಜೀವ ಇರುವ ತನಕ ಮುಟ್ಟುವುದಿಲ್ಲ' ಎಂದು ಪ್ರಮಾಣ ಮಾಡಿಸಿದರು. ನನಗೆ ಮಾತು ಬರುತ್ತದೆಂದು ಗೊತ್ತಾದ್ದರಿಂದ ಮೈಕನ್ನೂ ಕೊಟ್ಟರು. ಪರಿಚಯಿಸಿದವರು 'ಇವರು ಅಹಂಕಾರವನ್ನು ಗೆದ್ದವರು' ಎಂದರು. ಆ ಮಾತು ಕೇಳಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಮುಂದಿನ ಹನ್ನೊಂದು ತಿಂಗಳು ನಾನು ಏಳೆಂಟು ಊರುಗಳಲ್ಲಿ ಭಾಷಣ ಮಾಡಿದೆ. ಎಲ್ಲಿ ನಿಲ್ಲಿಸಿದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲಿ ಚಪ್ಪಾಳೆ ಬೀಳುತ್ತದೆ ಎಂಬುದೆಲ್ಲ ನನಗೆ ಅಭ್ಯಾಸವಾಯಿತು. ನನ್ನ ಫೋಟೋ ಇದ್ದ ಫ್ಲೆಕ್ಸ್ ಒಂದು ನಮ್ಮ ಬಸ್ ನಿಲ್ದಾಣದ ಪಕ್ಕದಲ್ಲೇ ನೇತಾಡುತ್ತಿತ್ತು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಬಾಯಿ ಒಣಗಿ, ಕೈ ತಾನಾಗಿಯೇ ಅಲಮಾರಿನ ಕಡೆಗೆ ಹೋಗುವಾಗ 'ಇವತ್ತು ನನ್ನಿಂದ ಆಗುತ್ತಿಲ್ಲ' ಎಂದು ಹೇಳಿಕೊಳ್ಳಲು ನನಗೆ ಒಬ್ಬನೂ ಇರಲಿಲ್ಲ. ಯಾರಿಗೆ ಹೇಳಲಿ? ನಾನು ಗೆದ್ದವನಲ್ಲವೇ?

ಸೆಪ್ಟೆಂಬರ್ 3ರಂದು, ಆಯುಧಗಳಿಗೆ ಪೂಜೆ ಮಾಡುವ ಕೈಲು ಮುಹೂರ್ತ ಹಬ್ಬದ ದಿನ, ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಹೋಗಿದ್ದೆ. ಕತ್ತಿ, ಕೋವಿಗಳನ್ನು ತೊಳೆದು, ತೋಕ್ ಹೂವಿಟ್ಟು, ನಡುಮನೆಯ ದೀಪದ ಮುಂದೆ ಎಲೆ ಹಾಕಿ, ಅಕ್ಕಿಯ ಉಂಡೆಯಾದ ಕಡಂಬುಟ್ಟು, ಹಂದಿ ಸಾರು, ಒಂದು ಲೋಟದಲ್ಲಿ ಬ್ರಾಂದಿ ಎಲ್ಲವನ್ನೂ ಕಾರಣವರಿಗೆಂದು, ಅಂದರೆ ಮನೆತನದ ಪೂರ್ವಜರಿಗೆಂದು, ಬಡಿಸಿ ಇಟ್ಟಿದ್ದರು. ಅಕ್ಕಿ ಹಾಕಿ ಕೈ ಮುಗಿದ ಮೇಲೆ ದೊಡ್ಡಪ್ಪ ಆ ಲೋಟವನ್ನು ನನ್ನ ಕಡೆ ಚಾಚಿ, 'ಕಾರಣವರಿಗೆ ಇಟ್ಟದ್ದು ಮಗ, ಬೇಡ ಅನ್ನಬಾರದು' ಎಂದರು. ಈ ಘಟನೆಯನ್ನು ಬಹಳ ದಿನ ನಾನು ದೊಡ್ಡಪ್ಪನ ತಲೆಗೆ ಕಟ್ಟಿದ್ದೆ. ನಿಜ ಅದಲ್ಲ. ಅವರು ಲೋಟ ಚಾಚಿದಾಗ ನನ್ನ ಮನಸ್ಸಿನಲ್ಲಿ ಓಡಿದ ಮಾತು ನನಗೆ ಚೆನ್ನಾಗಿ ನೆನಪಿದೆ: ಏಳೆಂಟು ಊರಿನವರಿಗೆ ಬುದ್ಧಿ ಹೇಳಿದವನು ನಾನು, ಒಂದು ಗುಟುಕು ನನ್ನನ್ನು ಏನು ಮಾಡೀತು! ಮುಂದಿನ ಹದಿಮೂರು ತಿಂಗಳು ಆ ಗುಟುಕು ಮುಗಿಯಲಿಲ್ಲ.

ಫ್ಲೆಕ್ಸ್‌ನ ಕಥೆಯನ್ನೂ ಹೇಳಬೇಕು. ಅದನ್ನು ಯಾರೋ ಬಿಚ್ಚಿ ತಂದು ನಮ್ಮ ಅಂಗಳದಲ್ಲಿ ಹಾಕಿ ಹೋಗಿದ್ದರು. ನನ್ನ ಹೆಂಡತಿ ವಸ್ತು ಹಾಳುಮಾಡುವವಳಲ್ಲ. ಕಣದಲ್ಲಿ ಕರಿಮೆಣಸು ಒಣಗಿಸುವಾಗ ರಾತ್ರಿಯ ಇಬ್ಬನಿ ಬೀಳದಿರಲೆಂದು ಅದನ್ನೇ ಹೊದಿಸುತ್ತಿದ್ದಳು, ಫೋಟೋ ಇದ್ದ ಬದಿ ಕೆಳಗೆ ಮಾಡಿ. ಒಂದು ಬೆಳಿಗ್ಗೆ ನಾನು ಆ ಕಣದ ಅಂಚಿನಲ್ಲೇ ಬಿದ್ದಿದ್ದವನು ಕಣ್ಣು ಬಿಟ್ಟಾಗ, ಅವಳು ಅದನ್ನು ಮಡಚಲು ಮೇಲಕ್ಕೆತ್ತಿದ್ದಳು, ಹಾರ ಹಾಕಿಕೊಂಡ ನನ್ನ ಮುಖ ನನ್ನನ್ನೇ ನೋಡಿ ನಗುತ್ತಿತ್ತು. ಅವಳು ಒಂದು ಮಾತನ್ನೂ ಆಡದೆ ಫ್ಲೆಕ್ಸ್ ಕೊಡವಿ ಒಳಗೆ ಹೋದಳು.

ಆ ಹದಿಮೂರು ತಿಂಗಳಲ್ಲಿ ನಾನು ಶಿಬಿರದವರನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟೆ. ಇದನ್ನು ದೇವಸ್ಥಾನ ಸಮಿತಿಯವರು ದಯವಿಟ್ಟು ಗಮನಿಸಬೇಕು. ಕುಡುಕನೊಬ್ಬನನ್ನು ಹಿಡಿದು ತಂದು ನಡೆಯ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು ನಮ್ಮ ಜಿಲ್ಲೆಯಲ್ಲಿ ಹೊಸದೇನಲ್ಲ, ಮಾಡಿಸುವವರ ಉದ್ದೇಶವೂ ಒಳ್ಳೆಯದೇ. ಆದರೆ ಈ ಕಾಯಿಲೆ ಮರುಕಳಿಸುವ ಕಾಯಿಲೆ. ಬಿಟ್ಟವರಲ್ಲಿ ಬಹಳ ಜನ ಒಮ್ಮೆಯಾದರೂ ಮತ್ತೆ ಜಾರುತ್ತಾರೆ. ಆಣೆ ಮಾಡಿ ಜಾರಿದವನಿಗೆ ಕುಡಿದ ಸಂಕಟದ ಮೇಲೆ ದೇವರ ಭಯವೂ ಸೇರಿಕೊಳ್ಳುತ್ತದೆ, ಯಾವ ಹೊತ್ತಿನಲ್ಲಿ ದೇವರು ಅವನಿಗೆ ಅತ್ಯಂತ ಅಗತ್ಯವೋ ಅದೇ ಹೊತ್ತಿನಲ್ಲಿ ದೇವರ ಬಾಗಿಲು ಅವನ ಪಾಲಿಗೆ ಮುಚ್ಚಿಹೋಗುತ್ತದೆ. ಅಲ್ಲದೆ, 'ಜೀವ ಇರುವ ತನಕ' ಎಂಬ ಮಾತಿನಲ್ಲೇ ಒಂದು ಅಹಂಕಾರವಿದೆ ಎಂದು ನನಗೆ ಈಗ ತೋರುತ್ತದೆ. ನಾಳೆ ಬೆಳಿಗ್ಗೆ ನಾನು ಹೇಗಿರುತ್ತೇನೆಂದು ನನಗೇ ಗೊತ್ತಿಲ್ಲದಿರುವಾಗ ಮೂವತ್ತು ವರ್ಷದ ಮಾತು ಕೊಡಲು ನಾನು ಯಾರು? ಈಗ ನಾನು ಬೆಳಿಗ್ಗೆ ಎದ್ದು ಇವತ್ತು ಒಂದು ದಿನ ಕುಡಿಯುವುದಿಲ್ಲ ಎಂದಷ್ಟೇ ಹೇಳಿಕೊಳ್ಳುತ್ತೇನೆ. ಒಂಬತ್ತು ವರ್ಷ ಎಂದು ಮೇಲೆ ಬರೆದೆನಲ್ಲ, ಅದೆಲ್ಲ ಇಂಥ ಬಿಡಿ ದಿನಗಳ ಮೊತ್ತ.

ಎರಡನೆಯ ಸಲ ನಾನು ಬಿಟ್ಟದ್ದು ಯಾವ ಪ್ರಮಾಣದಿಂದಲೂ ಅಲ್ಲ, ಅಂಜಿಕೆಯಿಂದ. ಹಟಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದೆ. ಮರುದಿನ ಕೈಕಾಲು ನಡುಕ, ಬೆವರು. ಮೂರನೆಯ ದಿನ ಗೋಡೆಯ ಮೇಲೆ ಇರುವೆಗಳ ಸಾಲು ಕಾಣಿಸಿತು, ಆಮೇಲೆ ಚೆಕ್‌ರೋಲಿನ ಹೆಸರುಗಳನ್ನು ಯಾರೋ ಗಟ್ಟಿಯಾಗಿ ಕೂಗಿದಂತೆ ಕೇಳಿಸಿತು. ಮನೆಯವರು ಗಾಳಿ ಸೋಕಿದೆ ಎಂದುಕೊಂಡರು. ಪಕ್ಕದ, ತೋಟದ ಆಳುಗಳು ವಾಸಿಸುವ ಲೈನ್‌ಮನೆಯ ಹುಡುಗನೊಬ್ಬ ಹಟ ಮಾಡಿ ಜೀಪು ತರಿಸದಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನಗಳ ನಡುವೆ ಸನ್ನಿ ಹಿಡಿಯಬಹುದು, ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಇದನ್ನು ಮಾತ್ರೆಗಳಿಂದ, ಥಯಾಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್‌ನಿಂದ ಕೆಲವೇ ದಿನಗಳಲ್ಲಿ ಹಿಡಿತಕ್ಕೆ ತರುತ್ತಾರೆ. ಆದ್ದರಿಂದ ಶಿಬಿರಕ್ಕೆ ಸೇರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರನ್ನೂ ವೈದ್ಯರಿಗೆ ತೋರಿಸಲೇಬೇಕು. ಹಾಗೆಯೇ, ಕುಡಿತ ಬಿಡಿಸುವ ಪುಡಿ ಎಂದು ಯಾರೋ ಕೊಟ್ಟದ್ದನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಮನೆಗಳು ನನಗೆ ಗೊತ್ತು. ಅದರಲ್ಲಿ ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದು, ಅದರ ಮೇಲೆ ಆತ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಮದ್ದು ಬೇಕಾದರೆ ವೈದ್ಯರು ಕೊಡಲಿ, ಅದೂ ಅವನಿಗೆ ತಿಳಿಸಿ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಸೇರಿದ್ದು ಐದಾರು ಜನರ ಒಂದು ಗುಂಪಿಗೆ. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳದ ಕುಡುಕರ ಸಂಘ, ಎಂಬುದು ಅದರ ಮೂಲ. ಈ ಗುಂಪು ಹುಟ್ಟಿದ ಬಗೆಯನ್ನು ತಾವು ಕೇಳಬೇಕು, ಏಕೆಂದರೆ ನನ್ನ ವಾದದ ಬೇರು ಅಲ್ಲಿದೆ. ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಕುಡಿತ ಬಿಟ್ಟ. ಅಲ್ಲಿ ಆತನಿಗೆ ಒಂದು ದೊಡ್ಡ ದೈವಿಕ ಅನುಭವವಾಯಿತಂತೆ. ಹೊರಬಂದವನೇ ಕಂಡ ಕಂಡ ಕುಡುಕರಿಗೆಲ್ಲ ಅದನ್ನು ಬೋಧಿಸಲು ಹೊರಟ. ಐದಾರು ತಿಂಗಳು ಹೀಗೆ ಸುತ್ತಿದರೂ ಒಬ್ಬನೂ ಕುಡಿತ ಬಿಡಲಿಲ್ಲ. ಆತನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಸಿಲ್ಕ್‌ವರ್ತ್ ಉಪದೇಶ ನಿಲ್ಲಿಸುವಂತೆ ಹೇಳಿದರು. 1935ರ ಮೇ ತಿಂಗಳಲ್ಲಿ ಒಂದು ವ್ಯವಹಾರ ಕೈಕೊಟ್ಟು ಆತ ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿನ ಹೋಟೆಲಿನಲ್ಲಿ ಒಬ್ಬನೇ ಉಳಿದ. ಒಂದು ಕಡೆ ಬಾರಿನಿಂದ ನಗು, ಗದ್ದಲ ಕೇಳಿಸುತ್ತಿದೆ. ಬಾರಿಗೆ ಹೋಗುವ ಬದಲು ಆತ ಅಲ್ಲಿದ್ದ ಚರ್ಚುಗಳ ಪಟ್ಟಿ ಹಿಡಿದು ಫೋನ್ ಮಾಡುತ್ತಾ ಹೋದ, ಯಾರಾದರೂ ಒಬ್ಬ ಕುಡುಕನನ್ನು ತನಗೆ ತೋರಿಸಿ ಎಂದು. ಹಾಗೆ ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ವಿಲ್ಸನ್ ಅವರನ್ನು ಉದ್ಧರಿಸಲು ಹೋದದ್ದಲ್ಲ. ಇನ್ನೊಬ್ಬ ಕುಡುಕನೊಡನೆ ಮಾತನಾಡದಿದ್ದರೆ ಅಂದು ರಾತ್ರಿ ತಾನೇ ಉಳಿಯಲಾರೆ ಎಂದು ಹೋದದ್ದು. ಬಾಬ್ ಸ್ಮಿತ್ ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಆ ಸಂಘದ ಹುಟ್ಟಿದ ದಿನವೆಂದು ಎಣಿಸುತ್ತಾರೆ.

ನನ್ನ ಏಳೆಂಟು ಊರಿನ ಭಾಷಣಗಳಿಗೂ ಆ ಒಂದು ಫೋನಿಗೂ ಇರುವ ವ್ಯತ್ಯಾಸವೇ ನನ್ನ ಮಟ್ಟಿಗೆ ವಿನಯ ಎಂಬ ಪದದ ಅರ್ಥ. ನಾನು ಕೊಡಲು ಹೋಗುತ್ತಿದ್ದೆ, ಆತ ಬೇಡಲು ಹೋದ.

1939ರಲ್ಲಿ ಅವರು ತಮ್ಮ ದಾರಿಯನ್ನು ಹನ್ನೆರಡು ಮೆಟ್ಟಿಲುಗಳೆಂದು ಬರೆದು ಅಚ್ಚು ಮಾಡಿಸಿದರು. ಮದ್ಯದ ಮುಂದೆ ನನ್ನ ಶಕ್ತಿ ನಡೆಯುವುದಿಲ್ಲ ಎಂದು ಒಪ್ಪಿಕೊಳ್ಳುವುದು ಮೊದಲನೆಯದು. ತನ್ನ ಗುಣದೋಷಗಳ ಲೆಕ್ಕವನ್ನು ಅಂಜದೆ ಬರೆಯುವುದು ನಾಲ್ಕನೆಯದು, ಅದನ್ನು ಇನ್ನೊಬ್ಬ ಮನುಷ್ಯನ ಮುಂದೆ ಓದಿ ಹೇಳುವುದು ಐದನೆಯದು. ಕೊರತೆಗಳನ್ನು ನೀಗಿಸೆಂದು ದೇವರಲ್ಲಿ ವಿನಯದಿಂದ ಕೇಳುವ ಏಳನೆಯದಾದ ಮೇಲೆ, ಒಂಬತ್ತನೆಯದರಲ್ಲಿ ಯಾರಿಗೆ ಅನ್ಯಾಯ ಮಾಡಿದ್ದೇವೋ ಅವರ ಬಳಿಗೇ ಹೋಗಿ ಸರಿಪಡಿಸಬೇಕು, ಹಾಗೆ ಮಾಡುವುದರಿಂದ ಅವರಿಗೋ ಬೇರೆಯವರಿಗೋ ನೋವಾಗುವಂತಿದ್ದರೆ ಮಾತ್ರ ಬಿಡಬೇಕು. ದೇವರೆಂದರೆ ಯಾರೆಂಬುದನ್ನು ಅವರು ನಮಗೇ ಬಿಟ್ಟಿದ್ದಾರೆ. ನಾವು ಅರಿತಂತೆ ಎಂದಷ್ಟೇ ಬರೆದಿದ್ದಾರೆ. ನಮ್ಮ ಕೋಣೆಯಲ್ಲಿ ಇಗ್ಗುತ್ತಪ್ಪನಿಗೆ ನಡೆದುಕೊಳ್ಳುವವರಿದ್ದಾರೆ, ಶುಕ್ರವಾರ ಮಸೀದಿಗೆ ಹೋಗುವವರಿದ್ದಾರೆ, ಭಾನುವಾರ ಇಗರ್ಜಿಗೆ ಹೋಗುವವರೂ ಇದ್ದಾರೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ನಿದ್ದೆಗೆಟ್ಟು ತೀರ್ಥೋದ್ಭವ ಕಾಯುವವರೊಬ್ಬರ ಪಕ್ಕದಲ್ಲೇ ಯಾವುದನ್ನೂ ನಂಬದ ನಿವೃತ್ತ ಮೇಷ್ಟ್ರೊಬ್ಬರು ಕೂರುತ್ತಾರೆ. ಗುಂಪು ಸೇರಿದ ಮೊದಲ ವರ್ಷವೂ ನನಗೆ ದೇವರ ಮುಖ ನೋಡಲು ಧೈರ್ಯವಿರಲಿಲ್ಲ. ನನಗಿಂತ ದೊಡ್ಡದೆಂದು ನಾನು ಅಂದು ಒಪ್ಪಿಕೊಂಡದ್ದು ಆ ಐದಾರು ಜನರನ್ನೇ. ನಾನೊಬ್ಬನೇ ಇದ್ದಾಗ ಆಗದ್ದು ಅವರ ನಡುವೆ ಆಗುತ್ತಿತ್ತು, ಅಷ್ಟು ಸಾಕಾಗಿತ್ತು.

ಲೆಕ್ಕ ಬರೆಯುವುದು ರೈಟರಿಗೆ ಕಷ್ಟವಲ್ಲ ಎಂದುಕೊಂಡಿದ್ದೆ. ಸ್ಟಾಕ್ ಪುಸ್ತಕದಂತೆ ಗೆರೆ ಎಳೆದು ಶುರು ಮಾಡಿದೆ. ಹೆಂಡತಿಯ ಬಳೆ, ಮಗಳ ಫೀಸು, ಅಣ್ಣನಿಗೆ ಬೈದದ್ದು ಎಲ್ಲ ಬಂತು. ಒಂದು ಬಾಬತ್ತು ಮಾತ್ರ ಬರೆಯಲು ಕೈ ಏಳಲಿಲ್ಲ. ಒಂದು ಕುಯ್ಲಿನ ಹಂಗಾಮಿನಲ್ಲಿ, ಸಂಜೆ ತೂಗುವಾಗ, ನನ್ನ ಬಾಟಲಿಯ ಖರ್ಚಿಗೆಂದು ಎರವ ಸಮುದಾಯದ ಹೆಂಗಸೊಬ್ಬರ ಹಣ್ಣಿನ ತೂಕದಲ್ಲಿ ದಿನಕ್ಕೆ ಮೂರು ನಾಲ್ಕು ಕಿಲೋ ಕಡಿಮೆ ಬರೆದು, ಅದನ್ನು ಬೇರೊಂದು ಹೆಸರಿಗೆ ಏರಿಸಿ ಬಟವಾಡೆಯಲ್ಲಿ ಹಣವನ್ನು ನಾನೇ ತೆಗೆದುಕೊಳ್ಳುತ್ತಿದ್ದೆ. ಅವರಿಗೆ ಓದು ಬರಹ ಇರಲಿಲ್ಲ, ಮುಳ್ಳು ನೋಡಿ ತೂಕ ಹೇಳಲು ಬರುವುದಿಲ್ಲವೆಂದು ನಾನು ತಿಳಿದಿದ್ದೆ.

ನಮ್ಮಲ್ಲಿ ತಪ್ಪು ಕಾಣಿಕೆ ಎಂಬುದೊಂದು ಇದೆ. ತಪ್ಪಾದರೆ ಹುಂಡಿಗೆ ಹಾಕಿ ಅಡ್ಡಬಿದ್ದು ಬರುತ್ತೇವೆ. ನನಗೂ ಅದೇ ಸುಲಭವೆನಿಸಿ ನೂರೊಂದು ರೂಪಾಯಿ ತೆಗೆದಿಟ್ಟಿದ್ದೆ. ನಾನು ಲೆಕ್ಕ ಓದಿ ಹೇಳಿದ ಹಿರಿಯರು ನಕ್ಕು, 'ಹಣ ದೇವರದ್ದಾ, ಆ ಹೆಂಗಸಿನದ್ದಾ?' ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇಪ್ಪತ್ತೆರಡು ದಿನ ಎಂದು ಲೆಕ್ಕ ಹಾಕಿ, ಹಣವನ್ನು ಲಕೋಟೆಯಲ್ಲಿಟ್ಟುಕೊಂಡು ಒಂದು ಭಾನುವಾರ ಅವರ ಲೈನ್‌ಮನೆಗೆ ಹೋದೆ. ಅವರು ಹೊಸ್ತಿಲ ಮೇಲೆ ಕುಳಿತು ಕಾಡಿನಿಂದ ತಂದ ಮರಕೆಸವಿನ ಎಲೆ ಬಿಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅದುವರೆಗೆ ಅವರು ನಿಂತಿದ್ದಾಗ ನಾನು ಕುಳಿತಿರುತ್ತಿದ್ದೆ, ಅಂದು ನಾನು ಮೆಟ್ಟಿಲ ಕೆಳಗೆ ನಿಂತು ವಿಷಯ ಹೇಳಿದೆ. ಅಳಬಹುದು, ಬೈಯಬಹುದು, ಇಲ್ಲವೇ 'ಹೋಗಲಿ ಬಿಡಿ ರೈಟ್ರೇ' ಎನ್ನಬಹುದು ಎಂದೆಲ್ಲ ದಾರಿಯುದ್ದಕ್ಕೂ ಯೋಚಿಸಿದ್ದೆ. ಕೊನೆಯದನ್ನೇ ಒಳಗೊಳಗೆ ಬಯಸಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು. ಅವರು ಕೈಯನ್ನು ಸೀರೆಗೆ ಒರೆಸಿಕೊಂಡು ಲಕೋಟೆ ತೆಗೆದುಕೊಂಡು, ನೋಟುಗಳನ್ನು ನಿಧಾನವಾಗಿ ಎಣಿಸಿ, 'ಮೂವತ್ತು ದಿನ ರೈಟ್ರೇ. ಇನ್ನೂ ಎಂಟು ದಿನದ್ದು ಉಂಟು' ಎಂದರು.

ಅಂದರೆ ಅವರಿಗೆ ಎಲ್ಲವೂ ಗೊತ್ತಿತ್ತು. ಪ್ರತಿ ಸಂಜೆ ಗೊತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆಂದು ಸುಮ್ಮನಿದ್ದರು. ಮರುದಿನ ಎಂಟು ದಿನದ ಹಣ ಒಯ್ದು ಕೊಟ್ಟೆ, ಅದನ್ನೂ ಎಣಿಸಿದರು. ಕ್ಷಮಿಸಿದೆ ಎಂದು ಅವರು ಇಂದಿಗೂ ಹೇಳಿಲ್ಲ, ನಾನೂ ಕೇಳಿಲ್ಲ. ಆ ವರ್ಷದಿಂದ ತಕ್ಕಡಿಯ ಮುಳ್ಳು ಕುಯ್ಯುವವರ ಕಡೆಗೆ ಕಾಣುವಂತೆ ತಿರುಗಿಸಿ ತೂಗುತ್ತೇನೆ, ತೂಕವನ್ನು ಗಟ್ಟಿಯಾಗಿ ಹೇಳಿ ಆಮೇಲೆ ಬರೆಯುತ್ತೇನೆ. ಆಧ್ಯಾತ್ಮಿಕ ಬೆಳವಣಿಗೆ ಎಂದು ದೊಡ್ಡವರು ಕರೆಯುವುದರಲ್ಲಿ ನನಗೆ ದಕ್ಕಿದ್ದು ಇಷ್ಟು. ಇದು ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ನಡೆಯುವಂಥದ್ದಲ್ಲ ಎಂಬುದು ತಮಗೂ ಕಾಣುತ್ತಿರಬಹುದು.

ಇಲ್ಲಿ ತೋಟದ ಮಾಲೀಕರಿಗೆ ಒಂದು ಮಾತು ಹೇಳಲೇಬೇಕು. ವಿನಯದ ಪಾಠ ಎಲ್ಲರಿಗೂ ಒಂದೇ ಅಲ್ಲ. ನನ್ನಂಥ ರೈಟರಿಗೆ, ಮೇಸ್ತ್ರಿಗೆ, ಮಾಲೀಕರಿಗೆ ತಲೆ ತಗ್ಗಿಸುವುದು ಮದ್ದು. ಹುಟ್ಟಿದಂದಿನಿಂದ ತಗ್ಗಿಸಿದ ತಲೆಯನ್ನು ಎತ್ತಲು ಬಿಡದೆ ಇಟ್ಟ ಪಣಿಯ, ಎರವ, ಕುರುಬ ಆಳುಗಳಿಗೆ, ಊರು ಬಿಟ್ಟು ಬಂದ ಅಸ್ಸಾಮಿನ ಹುಡುಗರಿಗೆ, ಇನ್ನಷ್ಟು ತಗ್ಗು ಎಂದು ಬೋಧಿಸುವುದು ಅನ್ಯಾಯ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತರೂ ಆ ಜಾಗಕ್ಕೆ ಸಣ್ಣ ಪ್ಯಾಕೆಟ್ಟಿನ ವಿಸ್ಕಿ ಬಂತು, ಬಟವಾಡೆಯ ಸಂಜೆ ಅದು ಎಲ್ಲಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತಿದೆ. ಚಳಿಗೆಂದು, ಮಳೆಗೆಂದು, ಕೆಲಸ ಹೆಚ್ಚು ಆಗಲೆಂದು ತೋಟದವರೇ ಕುಡಿಸಿ, ಕೊನೆಗೆ 'ಇವರು ಕುಡುಕರು, ಕೈಗೆ ಹಣ ಕೊಡಬಾರದು' ಎಂದು ಹೇಳುವುದನ್ನು ನಾನು ಮೇಜಿನ ಈ ಬದಿಯಲ್ಲಿ ಕುಳಿತು ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಅಂಥವರು ಕುಡಿತ ಬಿಡುವಾಗ ಮೊದಲು ಕಲಿಯಬೇಕಾದದ್ದು 'ನನಗೂ ಬೆಲೆ ಉಂಟು' ಎಂಬ ಮಾತನ್ನೇ. ಅವಮಾನ ಎಂಬುದು ಬೇರೆಯವರು ನಮಗೆ ಮಾಡುವಂಥದ್ದು, ವಿನಯ ನಾವಾಗಿ ಒಪ್ಪಿಕೊಳ್ಳುವಂಥದ್ದು. ಒಂದರಿಂದ ಇನ್ನೊಂದನ್ನು ಹುಟ್ಟಿಸಲು ಆಗುವುದಿಲ್ಲ. ಕುಡಿಯುವ ಹೆಂಗಸರ ವಿಷಯದಲ್ಲಂತೂ ನಾವು ಬಾಯಿ ಬಿಡುವುದೇ ಇಲ್ಲ. ನಮ್ಮ ಶಿಬಿರಗಳಲ್ಲಿ ಹೆಂಗಸರಿಗೆ ಮುಂದಿನ ಸಾಲಿನಲ್ಲಿ ಕುಳಿತು ಅಳುವ ಪಾತ್ರ ಮಾತ್ರ ಇದೆ.

ಹೆಸರು ಹೇಳದೆ ಇರುವುದು ನಾಚಿಕೆಯಿಂದ ಎಂದು ಅನೇಕರು ತಿಳಿದಿದ್ದಾರೆ. ಅದು ಅರ್ಧ ನಿಜ. ಹೊಸದಾಗಿ ಬರುವವನಿಗೆ ಮರೆ ಬೇಕು. ಹಳಬನಿಗೆ ಅದು ಬೇಕಾಗುವುದು ತಲೆ ತಿರುಗದಿರಲೆಂದು. 1954ರಲ್ಲಿ ಯೇಲ್ ವಿಶ್ವವಿದ್ಯಾಲಯ ಬಿಲ್ ವಿಲ್ಸನ್‌ಗೆ ಗೌರವ ಡಾಕ್ಟರೇಟ್ ಕೊಡಲು ಮುಂದೆ ಬಂದಾಗ ಆತ ಅದನ್ನು ಸ್ವೀಕರಿಸಲಿಲ್ಲ. ಅಂಥ ಮರ್ಯಾದೆಯನ್ನೇ ಬೇಡವೆಂದವನ ದಾರಿಯಲ್ಲಿ ನಡೆಯುತ್ತೇನೆಂದು ಹೇಳಿಕೊಳ್ಳುವ ನನಗೆ ಬಸ್ ನಿಲ್ದಾಣದ ಫ್ಲೆಕ್ಸ್ ಯಾವ ಲೆಕ್ಕ! ನಮ್ಮ ಕಾನೂನಿನಲ್ಲೂ ಇದಕ್ಕೆ ಆಧಾರವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವವರ ಫೋಟೋವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದೆಂದು ಅದರ 24ನೆಯ ಸೆಕ್ಷನ್ ಹೇಳುತ್ತದೆ. ನಮ್ಮ ಶಿಬಿರ ಆಸ್ಪತ್ರೆಯಲ್ಲ ಎಂದು ತಾವು ಹೇಳಬಹುದು. ಆಸ್ಪತ್ರೆಯಲ್ಲಿ ಸಿಗುವ ಮರ್ಯಾದೆ ಶಿಬಿರದಲ್ಲಿ ಏಕೆ ಸಿಗಬಾರದು ಎಂದು ನಾನು ಕೇಳಬಲ್ಲೆ. ಹೆಂಡತಿ ಮಕ್ಕಳೆಲ್ಲ ಮುಂದಿನ ಸಾಲಿನಲ್ಲಿ ಕುಳಿತಿರುವಾಗ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ಐದಾರು ಜನ ಕುಳಿತು ಮಾತನಾಡಿದರೆ ಕಾಯಿಲೆ ವಾಸಿಯಾಗುತ್ತದೆಯೇ ಎಂದು ಸಂಶಯಪಡುವವರೂ ತಮ್ಮಲ್ಲಿ ಇರಬಹುದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ, 2020ರಲ್ಲಿ ಪ್ರಕಟವಾದ ಪರಿಶೀಲನೆಯೊಂದು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿ, ಇಂಥ ಗುಂಪುಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯು ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಕೊಂಡಿತು. ಇನ್ನೊಂದು ಕಡೆ, 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದಾರೆ. ಉಳಿದ 37 ಜನ ವೇದಿಕೆ ಇಲ್ಲವೆಂದು ಹಿಂದೆ ನಿಂತವರಲ್ಲ. ಯಾರಾದರೂ ನೋಡಿಬಿಟ್ಟರೆ ಎಂದು ಹಿಂದೆ ನಿಂತವರು ಅವರಲ್ಲಿ ಎಷ್ಟೋ ಜನ ಇರಬೇಕು.

ತೋಟದವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಶಿಬಿರ ಹೂಮಳೆ ಇದ್ದಂತೆ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ದಾರಿಯಲ್ಲಿ ಹೋಗುವವರು ಜೀಪು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆದರೆ ಹೂ ನೋಡಿ ಫಸಲಿನ ಲೆಕ್ಕ ಬರೆಯುವ ರೈಟರನ್ನು ಯಾವ ಮಾಲೀಕರೂ ಇಟ್ಟುಕೊಳ್ಳುವುದಿಲ್ಲ. ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಆಗಬೇಕು, ಅದು ಐವತ್ತು ಸೆಂಟ್, ಅಂದರೆ ಅರ್ಧ ಇಂಚು, ಆದರೂ ಸರಿ. ಅದಿಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಸ್ಪ್ರಿಂಕ್ಲರ್ ಇದ್ದವರು ಮಳೆಗೆ ಕಾಯಬೇಕಾಗಿಲ್ಲ ಎಂದುಕೊಳ್ಳುತ್ತಾರೆ, ಕೆರೆಗೆ ನೀರು ಎಲ್ಲಿಂದ ಬಂತೆಂದು ಏಪ್ರಿಲ್‌ನಲ್ಲಿ ಅವರಿಗೂ ನೆನಪಾಗುತ್ತದೆ. ನಾನು ತಮ್ಮಲ್ಲಿ ಕೇಳುತ್ತಿರುವ ಕೋಣೆ ಆ ಎರಡನೆಯ ಮಳೆಗಾಗಿ.

ಬೇಕಾದದ್ದು ಬಹಳವಿಲ್ಲ. ದೇವಸ್ಥಾನದ ಅನ್ನಸಂತರ್ಪಣೆ ಇಲ್ಲದ ದಿನ ಊಟದ ಮನೆಯ ಪಕ್ಕದ ಉಗ್ರಾಣವಾದರೂ ಆದೀತು, ಶಾಲೆ ಬಿಟ್ಟ ಮೇಲಿನ ಒಂದು ತರಗತಿಯಾದರೂ ಆದೀತು, ತೋಟದ ಹಳೆಯ ಆಫೀಸಾದರೂ ಆದೀತು. ಎರಡು ಬೆಂಚು, ಒಂದು ದೀಪ, ಕರಿಕಾಫಿಗೆ ಒಂದು ಪಾತ್ರೆ. ಉದ್ಘಾಟನೆ ಬೇಡ. ಪೊಲೀಸರಾಗಲಿ, ಪತ್ರಿಕೆಯವರಾಗಲಿ, ಪಂಚಾಯಿತಿ ಸದಸ್ಯರಾಗಲಿ ನೋಡಲು ಬರುವುದು ಬೇಡ. ಅವರಿಗೇ ಕುಡಿತದ ಕಾಯಿಲೆ ಇದ್ದರೆ ಧಾರಾಳವಾಗಿ ಬರಲಿ. ಗೋಡೆಯ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಎಂಬ ಎರಡು ನಂಬರುಗಳನ್ನು ಬರೆದಿಟ್ಟರೆ ಉಪಕಾರ. ಜಾರಿದವನು ಮತ್ತೆ ಬಂದರೆ ಎಷ್ಟನೆಯ ಸಲ ಎಂದು ಯಾರೂ ಕೇಳಬಾರದು.

ತಕ್ಕರಲ್ಲಿ, ಒಕ್ಕದ ಅಂದರೆ ಮನೆತನದ ಹಿರಿಯರಲ್ಲಿ ಇನ್ನೊಂದೇ ವಿನಂತಿ. ಕಾರಣವರಿಗೆ ಇಡುವ ಪದ್ಧತಿಯನ್ನು ಬಿಡಿ ಎಂದು ಹೇಳಲು ನಾನು ಯಾರೂ ಅಲ್ಲ, ಆ ಎಲೆಯ ಮುಂದೆ ಈಗಲೂ ಅಡ್ಡಬೀಳುತ್ತೇನೆ. ಇಟ್ಟದ್ದನ್ನು ಹಂಚುವಾಗ ಒಬ್ಬನು ಬೇಡವೆಂದು ಕೈ ಅಡ್ಡ ಹಿಡಿದರೆ ಅದನ್ನು ಕಾರಣವರಿಗೆ ಮಾಡಿದ ಅಪಚಾರವೆಂದು ಎಣಿಸದಿರಿ. ಕಳೆದ ಕೈಲು ಮುಹೂರ್ತದಲ್ಲಿ ದೊಡ್ಡಪ್ಪ ಲೋಟ ಹಿಡಿದು ಸಾಲಿನಲ್ಲಿ ಬಂದರು. ಅವರಿಗೀಗ ಎಂಬತ್ತೆರಡು, ಕೈ ನಡುಗುತ್ತದೆ. ನನ್ನ ಮುಂದೆ ಒಂದು ಕ್ಷಣ ನಿಂತು, ಏನೂ ಹೇಳದೆ, ನನ್ನ ಎಲೆಗೆ ಇನ್ನೊಂದು ಕಡಂಬುಟ್ಟು ಹಾಕಿ ಮುಂದೆ ಹೋದರು.

ಇಂತಿ ತಮ್ಮ ವಿಶ್ವಾಸಿ,
ತೋಟವೊಂದರ ರೈಟರು
ದಕ್ಷಿಣ ಕೊಡಗು